ಎಪ್ಪತ್ತು ಗ್ರಾಂ ಕಮ್ಮಿ

ಈ ಊರಿನ ಹೆಸರನ್ನು ಬರೆಯುವುದು ಒಂದು ಥರ,
ಕರೆಯುವುದು ವೂಚ್ ಎಂದು.
ಹಾಳೆಯಿಂದ ಬಾಯಿಗೆ ಬರುವಷ್ಟರಲ್ಲಿ
ಅಕ್ಷರಗಳು ಯಾವುದೋ ಯಂತ್ರದೊಳಗೆ ಹಾದು
ಬೇರೆಯಾಗಿ ಹೊರಬೀಳುತ್ತವೆ.
ಅರ್ಥ, ದೋಣಿ. ನದಿ ಮಾತ್ರ ಕಾಣದು:
ಗಿರಣಿಗಳ ಕಾಲದಲ್ಲಿ ಕೊಳವೆಗೆ ತುರುಕಿ
ಬೀದಿಯ ಅಡಿಗೆ ಕಳಿಸಿದ್ದಾರೆ.
ಇಂಥ ಊರಲ್ಲಿ ಕೂತು ನಾನು ಆಟ ಕಟ್ಟುತ್ತೇನೆ.

ಎಡಗಡೆಯಿಂದ ಚೌಕ ಬರುತ್ತದೆ.
ಬಲಗಡೆಯ ಬಾಗಿಲು ಕೇಳುವುದು ತ್ರಿಕೋನ.
ನಡುವೆ ಹನ್ನೆರಡು ಮನೆ ಉದ್ದ, ಒಂಬತ್ತು ಮನೆ ಅಗಲ.
ನಿಮ್ಮ ಕೈಗೆ ಒಂದು ಕತ್ತರಿ, ಒಂದು ತಿರುಗಣಿ,
ಎರಡು ಬೆಸುಗೆ, ಬೇಕಾದಷ್ಟು ಪಟ್ಟಿ.
ದಾರಿ ದಾರಿಯನ್ನು ತುಳಿಯಬಾರದು;
ದಾಟಲೇಬೇಕೆಂದರೆ ಸೇತುವೆಗೆ ಮೂರು ಕಾಸು.

ಹೇಳುವುದಕ್ಕೆ ಇಷ್ಟೇ.
ಮೂವತ್ತೇಳನೇ ಒಗಟಿಗೆ ಒಂದು ಚಳಿಗಾಲವನ್ನೇ ಕೊಟ್ಟೆ.
ಷಟ್ಕೋನ ಒಳಗೆ, ನಕ್ಷತ್ರ ಹೊರಗೆ.
ಬಿಡಿಸುವ ದಾರಿ ಕಣ್ಣೆದುರಿಗೇ ಇದ್ದು
ಕಟ್ಟಕಡೆಗೆ ಕಾಣಬೇಕು,
ಮನೆಯೆಲ್ಲ ಹುಡುಕಿದ ಮೇಲೆ
ಹಣೆಯ ಮೇಲೇ ಸಿಗುವ ಕನ್ನಡಕದ ಹಾಗೆ.
ಒಂದು ಮನೆ ಹೆಚ್ಚು ಕೊಟ್ಟರೆ ಒಗಟು ಸತ್ತಿತು,
ಒಂದು ಮನೆ ಕಿತ್ತರೆ ಆಡುವವರು ಸತ್ತರು.
ನಡುರಾತ್ರಿ ಟ್ರಾಮು ತಿರುವಿನಲ್ಲಿ ಕಿರುಗುಟ್ಟಿದರೆ
ನಿದ್ದೆಯಲ್ಲೇ ಅಂದುಕೊಳ್ಳುತ್ತಿದ್ದೆ:
ತಿರುಗಣಿ ತಪ್ಪು ಮನೆಯಲ್ಲಿದೆ.

ಭಾನುವಾರ ಹಾಲ್ಷ್ಕಾ ಚಿಕ್ಕಮ್ಮ ಬಂದಳು,
ಗಸಗಸೆ ತುಂಬಿದ ಕೇಕು ತಂದಳು.
ಮೂವತ್ತೊಂದು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ
ಕತ್ತರಿ ಮೇಜಿನ ಮುಂದೆ ನಿಂತವಳು.
ಒಂದೇ ಓಟಕ್ಕೆ ನಲವತ್ತು ಪದರ, ನಲವತ್ತು ತೋಳು.
ಎಡಗೈ ತೋರುಬೆರಳಿಗೆ ತುದಿಯಿಲ್ಲ,
ಅದರ ಮಾತು ನಾವು ಆಡುವುದಿಲ್ಲ.
ಆಟವೆಂದರೆ ಅವಳಿಗೆ ಇಸ್ಪೀಟು, ಅದೂ ಕ್ರಿಸ್‌ಮಸ್ಸಿಗೆ.
ಕೂರಿಸಿದೆ. ಮೊದಲನೇ ಒಗಟು, ಮಕ್ಕಳದು.
ಚೌಕವನ್ನು ಕತ್ತರಿಯೊಳಗೆ ಬಿಟ್ಟಳು.
ತ್ರಿಕೋನ ಬಂತು, ಬಾಗಿಲು ಸೇರಿತು, ಗಂಟೆ ಬಾರಿಸಿತು.
ಅವಳು ಕದಲಲಿಲ್ಲ.

"ಇನ್ನರ್ಧ ಎಲ್ಲಿ?"
"ಯಾವ ಇನ್ನರ್ಧ?"
"ಚೌಕ ಕೊಯ್ದರೆ ಎರಡು ತ್ರಿಕೋನ, ಬೋಗ್ನಾ.
ಒಂದು ಹೋಯಿತು. ಇನ್ನೊಂದನ್ನು ಎಲ್ಲಿ ಬಚ್ಚಿಟ್ಟೆ?"
"ಅದು ಮಾಯ. ಆಟ ಅಲ್ವಾ ಚಿಕ್ಕಮ್ಮ."
"ಮಾಯ!" ಅಂದಳು,
ಮೇಸ್ತ್ರಿಯ ಮುಂದೆ ಆಡಲಾಗದೆ ನುಂಗಿದ ದನಿಯಲ್ಲಿ.
"ನಮ್ಮಲ್ಲಿ ಸಂಜೆ ನೆಲ ಗುಡಿಸಿ ತೂಗುತ್ತಿದ್ದರು.
ಬಂದ ಬಟ್ಟೆ ಇಷ್ಟು, ಹೋದ ಅಂಗಿ ಇಷ್ಟು,
ಚೂರು ಇಷ್ಟು ಇರಲೇಬೇಕು.
ಎಪ್ಪತ್ತು ಗ್ರಾಂ ಕಮ್ಮಿ ಬಿದ್ದರೂ
ಬಾಗಿಲಲ್ಲಿ ಎಲ್ಲರ ಚೀಲ ಬಿಚ್ಚಿಸುತ್ತಿದ್ದರು."
ಕೇಕಿನ ಪುಡಿಯನ್ನು ಅಂಗೈಗೆ ಬಳಿದುಕೊಂಡಳು.
"ನಿನ್ನ ಗೊಂಬೆಗೆ ನೀಲಿ ಲಂಗ
ಮತ್ತೆಲ್ಲಿಂದ ಬಂತು ಅಂದುಕೊಂಡಿದ್ದೀ?"

ಅವಳು ಹೋದ ಮೇಲೆ
ಮಾಯ ಮಾಡುವ ಆ ಒಂದು ಸಾಲನ್ನು ಅಳಿಸಿದೆ.
ಮೂವತ್ತೇಳು ಒಗಟೂ ಕಟ್ಟಿಕೊಂಡವು.
ಪಟ್ಟಿಗಳ ಮೇಲೆ ಯಾರಿಗೂ ಬೇಡದ ಮೂಲೆಗಳು,
ಅಂಚುಗಳು, ಸೀಳುಗಳು, ಒಂದರ ಹಿಂದೊಂದು
ಬಾಗಿಲಿಲ್ಲದ ಕಡೆಗೆ ಹೋಗಿ ನಿಂತವು.
ಇಷ್ಟು ದಿನ ಇವೆಲ್ಲ ಎಲ್ಲಿದ್ದವು?

ಷಟ್ಕೋನದಲ್ಲಿ ನಕ್ಷತ್ರ ಕೊಯ್ದರೆ
ಅಂಚಿನಲ್ಲಿ ಆರು ತೆಳು ಚೂರು.
ಮಾರ್ಚಿ ತಿಂಗಳ ಒಂದು ಬೆಳಗು, ಹಲ್ಲುಜ್ಜುತ್ತ ಹೊಳೆಯಿತು:
ಮೂರು ಚೂರು ಮೂಗಿಗೆ ಮೂಗು ತಾಗಿಸಿದರೆ ಒಂದು ತ್ರಿಕೋನ,
ಉಳಿದ ಮೂರಕ್ಕೆ ಇನ್ನೊಂದು.
ಬಾಯಲ್ಲಿ ನೊರೆ ಇಟ್ಟುಕೊಂಡೇ ಎರಡು ಹೊಸ ಬಾಗಿಲು ಕೊರೆದೆ.
ತೂಕ ಸರಿಹೋಯಿತು.

ಹೀಗೇ ಹಿಂದಕ್ಕೆ ಬಂದೆ, ಮೂವತ್ತಾರು, ಮೂವತ್ತೈದು...
ನಾಲ್ಕನೆಯದರಲ್ಲಿ ಮಾತ್ರ ಒಂದು ಚೂರು ಉಳಿಯುತ್ತದೆ.
ಎಷ್ಟು ತಿರುಗಿಸಿದರೂ ಎಲ್ಲೂ ಕೂರದು.
ಅದನ್ನು ಬೆರಳಲ್ಲಿ ಒತ್ತಿ ಹಿಡಿದರೆ
ಬಯಲಿನಿಂದ ಎದ್ದು ಬರುತ್ತದೆ, ಬಣ್ಣ ನೀಲಿ.
ಆಟ ಅದರ ಬಗ್ಗೆ ಏನೂ ಹೇಳುವುದಿಲ್ಲ.
ತೆಗೆದುಕೊಂಡು ಹೋಗಿ.
ಬಾಗಿಲಲ್ಲಿ ಯಾರೂ ಇಲ್ಲ.