ಆಮೇಲಿಗೆ ಬಿಟ್ಟ ಕಂಬಿ

ಬೈತಖೋಲದ ಗುಡ್ಡದಿಂದ ನೋಡಿದರೆ
ಕಾರವಾರದ ತಾರಸಿಗಳ ಮೇಲೆಲ್ಲ ಕಂಬಿ.
ಮೂಲೆ ಮೂಲೆಗೆ ನಾಲ್ಕು ನಾಲ್ಕರ ಗೊಂಚಲು,
ಎಂದೋ ಕಟ್ಟಲಿರುವ ಮಹಡಿಗೆ
ಈಗಲೇ ಎದ್ದು ನಿಂತ ತುಕ್ಕು.
ಕೆಲವಕ್ಕೆ ಬಿಯರ್ ಬಾಟಲಿಯ ಟೊಪ್ಪಿ,
ಕೆಲವಕ್ಕೆ ಯಾರದೋ ಲಂಗ, ಬಲೆಯ ತುಂಡು,
ಒಂದಕ್ಕೆ ಹೋದ ಕ್ರಿಸ್‌ಮಸ್ಸಿನ ನಕ್ಷತ್ರ,
ಕಾಗದ ಹೋಗಿ ಬಿದಿರು ಕಡ್ಡಿ ಮಾತ್ರ.
ಈ ಊರಿನಲ್ಲಿ ಆಮೇಲೆ ಎಂಬ ಮಾತು
ಹನ್ನೆರಡು ಎಂಎಂ ದಪ್ಪ.

ಶೇವಂತಿ ತಾಂಡೇಲಳ ಮನೆಗೆ ಇಂದು ಸ್ಲ್ಯಾಬು.
ಎರಡು ಕೋಣೆ, ಅಡುಗೆಮನೆ, ಮೀನು ಒಣಗಿಸಲು ತಾರಸಿ.
ನಾನು ಬರೆದದ್ದರಲ್ಲಿ ನೆಲಕ್ಕಿಳಿದದ್ದು ಇದು ಮೂರನೆಯದು.
ಮೊದಲನೆಯದು ಒಂದು ಕಂಪೌಂಡು ಗೋಡೆ.
ಎರಡನೆಯದು ಕೋಡಿಬಾಗದ ಶೌಚಾಲಯ,
ಅದರ ಬಾಗಿಲು ತೆರೆದರೆ ಬಕೆಟ್ಟಿಗೆ ತಾಗುತ್ತದೆ,
ತಪ್ಪು ನನ್ನದೇ,
ಈಗಲೂ ಆ ದಾರಿಯಲ್ಲಿ ಹೋಗುವುದಿಲ್ಲ.

ಜೇಬಿನಲ್ಲಿ ಫೋನು. ಫೋನಿನಲ್ಲಿ ಅಹಮದಾಬಾದು.
ಸೀಟು ಸಿಕ್ಕಿದೆ, ಎಂ.ಆರ್ಕ್, ಎರಡು ವರ್ಷ.
ರಾತ್ರಿ ಹನ್ನೆರಡರೊಳಗೆ ಅರವತ್ತು ಸಾವಿರ ಕಟ್ಟಿದರೆ
ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ.
ಖಾತೆಯಲ್ಲಿರುವುದು ಅರವತ್ತೊಂದು ಸಾವಿರದ ನಾನೂರು.
ಲೆಕ್ಕ ಇಷ್ಟು ಹತ್ತಿರಕ್ಕೆ ಬಂದಾಗ
ಯಾರೋ ಬೇಕೆಂದೇ ಹೊಂದಿಸಿದಂತೆ ಅನ್ನಿಸಿ
ಸಿಟ್ಟು ಬರುತ್ತದೆ.

ಹುಬ್ಬಳ್ಳಿಯ ಮೇಷ್ಟ್ರು ಹೇಳಿದರು: ಈಗಲೇ ಹೋಗವ್ವ,
ಸಂಬಳದ ರುಚಿ ಹತ್ತಿದ ಮೇಲೆ ಓದು ಸಪ್ಪೆ.
ಗ್ರೀನ್ ಸ್ಟ್ರೀಟಿನ ಆಫೀಸಿನಲ್ಲಿ
ಫ್ಯಾನಿಗೆ ಹಾರುವ ಟ್ರೇಸಿಂಗ್ ಹಾಳೆ ಒತ್ತಿ ಹಿಡಿದು
ಪೆಡ್ನೇಕರ್ ಸರ್ ಹೇಳಿದರು: ನಾಲ್ಕು ಮನೆ ಕಟ್ಟಿ ಹೋಗು,
ಅಲ್ಲಿ ಕೇಳಲಿಕ್ಕೆ ಪ್ರಶ್ನೆಯಾದರೂ ಇರುತ್ತದೆ.
ಇಬ್ಬರೂ ಸರಿ. ಅದೇ ತೊಂದರೆ.
ಒಬ್ಬರಾದರೂ ಮೂರ್ಖರಾಗಿದ್ದರೆ
ನಿನ್ನೆ ರಾತ್ರಿ ನಿದ್ದೆ ಬರುತ್ತಿತ್ತು.

ಮಿಕ್ಸರ್ ಶುರುವಾಗುವ ಮೊದಲು
ಬುದ್ಯಾ ಗುನಗಿ ಮೇಸ್ತ್ರಿ ಒಂದು ಸಿಮೆಂಟು ಚೀಲ ಒದ್ದು
ಕಿವಿಗೊಟ್ಟ. ಟಣ್.
"ಇದು ಹೋಯ್ತು. ನಾಳೆ ನಾಳೆ ಅಂತ ಇಟ್ಟಿದ್ದು.
ಸಮುದ್ರದ ಗಾಳಿ ಕುಡಿದು ಚೀಲದೊಳಗೇ ಕಲ್ಲಾಗಿದೆ."
ಕಲ್ಲಾಗಿತ್ತು,
ಚೀಲದ ಹೊಲಿಗೆಯ ಗುರುತನ್ನೂ ಮೈಮೇಲೆ ಇಟ್ಟುಕೊಂಡು,
ಯಾವ ಗೋಡೆಯೂ ಆಗದೆ.
ನಾನು ಜೇಬು ಮುಟ್ಟಿಕೊಂಡೆ.

ಅದೇ ಮೇಸ್ತ್ರಿ, ಮಧ್ಯಾಹ್ನದ ಗಂಜಿಯ ಹೊತ್ತಿಗೆ,
ಸೆಂಟ್ರಿಂಗ್ ಯಾವಾಗ ಬಿಚ್ಚುತ್ತೀ ಎಂದು ಶೇವಂತಿ ಕೇಳಿದ್ದಕ್ಕೆ:
"ಅವಸರ ಮಾಡಿ ಬಿಚ್ಚಿ ಬಿದ್ದ ಸ್ಲ್ಯಾಬು
ಮೂರು ನೋಡಿದ್ದೇನೆ, ಬಾಯಿ.
ತಡ ಮಾಡಿ ಬಿದ್ದದ್ದು ಒಂದೂ ಇಲ್ಲ."
ಕೈ ಜೇಬಿನಿಂದ ಹೊರಬಂತು.
ಒಂದೇ ಬಾಯಿ, ಒಂದೇ ದಿನ.
ಈತನಿಗೆ ಯಾವ ಕಾಲೇಜು ಸೀಟು ಕೊಡಬೇಕು?

ನನ್ನ ಮೊದಲ ನಕ್ಷೆಯಲ್ಲಿ ಮೇಲೊಂದು ಕೋಣೆ ಇತ್ತು,
ದೋಣಿ ಬರುವುದು ಕಾಣುವ ಹಾಗೆ ಕಿಟಕಿ.
ಶೇವಂತಿ ಅದರ ಮೇಲೆ ಹೆಬ್ಬೆರಳಿಟ್ಟು ಮುಚ್ಚಿದಳು.
"ಮಾಗೀರ್."
ಅವಳ ಕೊಂಕಣಿಯಲ್ಲಿ ಆಮೇಲೆ ಅನ್ನಲು ಆ ಪದ.
ಕತೆಯ ನಡುವೆ ಮಗು
ಮುಂದೇನಾಯ್ತು ಎಂದು ಕೇಳುವುದೂ ಅದರಲ್ಲೇ.
ಕಂಬಿ ಮಾತ್ರ ಬಿಡು, ಅಂದಳು.

ಈ ಗಾಳಿಗೆ ಕಂಬಿ ಉಳಿಯುವುದಿಲ್ಲ, ತಿನ್ನುತ್ತದೆ, ಅಂದೆ.
"ಸುಮ್ಮನೆ ಬಿಟ್ಟರೆ ತಿನ್ನುತ್ತದೆ," ಅಂದ ಬುದ್ಯಾ.
ಸಂಜೆ ಬಕೆಟ್ಟಿನಲ್ಲಿ ಸಿಮೆಂಟಿನ ತಿಳಿ ಕಲಸಿದ,
ಗಂಜಿಗಿಂತ ಸ್ವಲ್ಪ ದಪ್ಪ.
ಹೀಗೆ ಬಳಿದು, ಮೇಲೆ ಬಡಗಾರೆ ಸುತ್ತಿದರೆ
ಬೇಕಾದ ದಿನ ಸುತ್ತಿಗೆಯ ಎರಡೇಟಿಗೆ ಬಿಡುತ್ತದಂತೆ,
ಒಳಗೆ ಕಂಬಿ ಕಂಬಿಯಾಗೇ ಇರುತ್ತದಂತೆ.
ಐದು ವರ್ಷ ಓದಿದ ನನಗೆ
ಇದನ್ನು ಯಾರೂ ಬರೆಸಿರಲಿಲ್ಲ.
ಬರೆಸಿದ ದಿನ ನಾನು ರಜೆಯಲ್ಲಿದ್ದೆನೋ ಏನೋ.

ಬರಿಗೈಯಲ್ಲಿ ಬಳಿದೆವು, ಶೇವಂತಿ ಮತ್ತು ನಾನು.
ಉಗುರಿನ ಸಂದಿ ಉರಿಯಿತು.
ಕೆಳಗೆ ಬಂದರಿನಲ್ಲಿ ಐಸಿನ ಲಾರಿ ಹಿಂದೆ ಹಿಂದೆ ಬರುತ್ತ
ಪೀಂ ಪೀಂ ಅನ್ನುತ್ತಿತ್ತು.
ಮೂರು ಮೂಲೆ ಮುಗಿಯಿತು. ನಾಲ್ಕನೆಯದಕ್ಕೆ ತಿಳಿ ಸಾಲದೆ
ಅವಳು ಗೋಣಿತಟ್ಟು ಸುತ್ತಿ ದಾರ ಕಟ್ಟಿದಳು,
ಗಾಯಕ್ಕೆ ಕಟ್ಟಿದ ಹಾಗಲ್ಲ,
ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದ ಹಾಗೆ.

"ಮೇಲಿನ ಕೋಣೆ ಕಟ್ಟುವಾಗ ನೀನೇ ಬರಬೇಕು."
ಬರುತ್ತೇನೆ, ಅಂದೆ.
ಎಲ್ಲಿಂದ ಎಂದು ಅವಳು ಕೇಳಲಿಲ್ಲ.
ಹನ್ನೆರಡಕ್ಕೆ ಇನ್ನೂ ಐದು ಗಂಟೆ ಇತ್ತು.
ಕೈ ತೊಳೆಯದೆ ಫೋನು ಮುಟ್ಟುವಂತಿರಲಿಲ್ಲ,
ನಲ್ಲಿಯಲ್ಲಿ ನೀರು ಬರುವುದು ಎಂಟಕ್ಕೆ.