ಬೆನ್ನಿನ ಮಣ್ಣು

ತವನಪ್ಪ ಪೈಲ್ವಾನರು, ಎಂಬತ್ತೊಂದು, ಊರು ಸದಲಗಾ.
ಮೂರು ಸಲ ಬಂದು ಮೂರು ಸಲವೂ ಎದ್ದು ಹೋಗಿದ್ದರು
ಬೆಳಗಾವಿಯ ನಮ್ಮ ಈ ತಣ್ಣನೆ ಕೋಣೆಯಿಂದ.
ನಲವತ್ತು ನಿಮಿಷ ಅಂಗಾತ ಮಲಗಬೇಕು ಎಂದಿದ್ದೆ.
"ಅಂಗಾತ ಬಿದ್ದಾಂವ ಸೋತಾಂವ, ಯವ್ವಾ.
ಎರಡೂ ಭುಜ ನೆಲಕ್ಕ ಹತ್ತಿದ್ರ ಕುಸ್ತಿ ಮುಗೀತು.
ಅರವತ್ತು ವರ್ಷ ಮಗ್ಗಲಾಗೇ ಮಲಗೀನಿ ನಾ."

ಮೊದಲ ಸಲ ಆರನೇ ನಿಮಿಷಕ್ಕೆ ಕಾಲು ಅಲುಗಿತು,
ಎರಡನೇ ಸಲ ಕೆಮ್ಮು. ಮೂರನೆಯದಕ್ಕೆ
ಕೈಲಿದ್ದ ರಬ್ಬರ್ ಗುಂಡಿ ಒತ್ತಿ ಒತ್ತಿ
ಒಳಗಿನಿಂದಲೇ ಯಾರನ್ನೋ ಬೈದರು, ಮರಾಠಿಯಲ್ಲಿ.
ಪರದೆಯ ಮೇಲೆ ಮಿದುಳು ಇರಲಿಲ್ಲ,
ಹರಿಯುವ ನೀರಲ್ಲಿ ಕಂಡ ಮುಖದಂಥದೇನೋ ಇತ್ತು.

ಈ ಸಲ ಯಂತ್ರಕ್ಕೆ ಹೊಸ ಬುದ್ಧಿ ಬಂದಿದೆ.
ಕಾಲುಭಾಗ ನೋಡಿ ಮಿಕ್ಕದ್ದು ಊಹಿಸುತ್ತದೆ.
ಸಾವಿರಾರು ತಲೆಗಳನ್ನು ಮೊದಲೇ ಓದಿಕೊಂಡಿದೆಯಂತೆ.
"ಎಂಟು ನಿಮಿಷ ಸಾಕು, ಅಜ್ಜಾರ."
ಮಗಳು ಪದ್ಮಾವತಿ ನನ್ನ ಮುಖ ನೋಡಿದಳು:
ಊಹೆ ಅಂದ್ರ, ಇಲ್ಲದ್ದನ್ನೂ ಬರೀತೈತೇನ್ರಿ?
ನನಗೆ ಉತ್ತರ ಗೊತ್ತಿರಲಿಲ್ಲ. ಪೈಲ್ವಾನರಿಗೆ ಗೊತ್ತಿತ್ತು.

"ನಾವೂ ಎದುರಾಳಿ ಹೆಗಲ ನೋಡೇ ಡಾವು ತಿಳಕೋತಿದ್ವಿ.
ಪೂರಾ ನೋಡಾಕ ನಿಂತ್ರ ಅಷ್ಟರಾಗ ಆಕಾಶ ಕಾಣತೈತಿ.
ಒಮ್ಮೊಮ್ಮೆ ಹೆಗಲೂ ಸುಳ್ಳ ಹೇಳತೈತಿ. ಸಾಂಗಲಿಯೊಳಗ ಒಬ್ಬಾಂವ..."
ಹೆಸರು ಬರಲಿಲ್ಲ.
ಅವರನ್ನು ಇಲ್ಲಿಗೆ ಕರೆತಂದದ್ದೇ
ಹಾಗೆ ಬಾರದೆ ಹೋದ ಹೆಸರುಗಳು.

ಉಡದಾರದ ಬೆಳ್ಳಿ ಬಿಚ್ಚಿ ಮಗಳ ಕೈಗಿಟ್ಟು
ಮೇಜಿನ ಮೇಲೆ ಮೊದಲು ಬಲಭುಜ, ಆಮೇಲೆ,
ತುಸು ತಡೆದು,
ಎಡಭುಜ.
ಯಂತ್ರ ತೊಡೆ ತಟ್ಟಿತು.
ಗಾಜಿನ ಈಚೆ ನಾನು ಗಡಿಯಾರ ನೋಡಲಿಲ್ಲ,
ಅವರ ಕಾಲಿನ ಹೆಬ್ಬೆರಳು ನೋಡುತ್ತಿದ್ದೆ. ಅಲುಗಲಿಲ್ಲ.

ಎದ್ದು ಕೂತವರು ಕೈ ಹಿಂದೆ ಹಾಕಿ
ಬೆನ್ನು ಕೊಡವಿಕೊಂಡರು, ಅಲ್ಲಿಲ್ಲದ ಕೆಮ್ಮಣ್ಣನ್ನು.
"ಮೀಸಿಗೆ ಹತ್ತಿಲ್ಲಲಾ?"

ಚಿತ್ರ ಬಂತು. ಸ್ಪಷ್ಟ, ತೀರಾ ಸ್ಪಷ್ಟ.
ಡಾಕ್ಟರ್ ಹುದ್ದಾರ ಕನ್ನಡಕ ಹಣೆಗೇರಿಸಿ
ಕಿವಿಯ ಮಟ್ಟದ ಒಂದು ಮಬ್ಬು ಚುಕ್ಕಿಯ ಮೇಲೆ ಬೆರಳಿಟ್ಟರು:
ಇದು ಅವರದೋ, ಊಹೆಯದೋ?
ಇದೊಂದನ್ನು ಹಳೇ ರೀತಿಯೊಳಗ ತಗೀರಿ. ಆರು ನಿಮಿಷ.

ನಾನು ಬಾಗಿಲು ತೆರೆದೆ. ಹೇಗೆ ಹೇಳುವುದೆಂದು
ಮಾತು ಹುಡುಕುವಷ್ಟರಲ್ಲಿ,
ನನ್ನ ಹೆಗಲು ನೋಡಿ,
ಅವರಾಗಲೇ ಮತ್ತೆ ಉಡದಾರ ಬಿಚ್ಚುತ್ತಿದ್ದರು.