ಇತರೆ

ಮೂವತ್ತು ಸಾವಿರ. ಮೇಲೆ ಒಂದು ರೂಪಾಯಿ ಕೇಳಬ್ಯಾಡ ವಿಶಾಲಾಕ್ಷಿ,
ಅಂದವರೇ ಸೌಕಾರ್ರು ಕಾರಿನ ಬಾಗಿಲು ಹಾಕಿಕೊಂಡರು.
ಕರೂರಿನ ಕಡೆಯ ನಮ್ಮ ಪ್ಲಾಸ್ಟಿಕ್ ಚೀಲದ ಫ್ಯಾಕ್ಟರಿಗೆ
ಆಯುಧಪೂಜೆ ಬರಲು ಇನ್ನು ಒಂಬತ್ತು ದಿನ.

ಹೋದ ವರ್ಷದ ಹಾಳೆ ತೆಗೆದೆ.
ಮೂಲೆಯಲ್ಲಿ ಕುಂಕುಮದ ಕಲೆ, ಯಾರದೋ ಎಣ್ಣೆ ಬೆರಳು.
ಚೆಂಡುಹೂವು ಹಿಂದಿನ ದಿನ ಮಾರಿಗೆ ಮೂವತ್ತು, ಹಬ್ಬದ ಬೆಳಗ್ಗೆ ಎಂಬತ್ತು;
ಹಿಂದಿನ ದಿನವೇ ತಂದು ಬಕೆಟ್ಟಿನಲ್ಲಿ ನೀರು ಚಿಮುಕಿಸಿ ಇಡಬೇಕು.
ಬೂದುಗುಂಬಳ ಹನ್ನೊಂದು.
ಬಾಳೆಕಂದು ನಾಲ್ಕು ಜೊತೆ.
ಮಂಡಕ್ಕಿ ಮೂರು ಚೀಲ. ಇದಕ್ಕೆ ದಾವಣಗೆರೆಯಲ್ಲಿ ಚೌಕಾಸಿ ಬೇಕಿಲ್ಲ,
ಭಟ್ಟಿಯವರೇ ಮೇಲೊಂದು ಸೇರು ಸುರಿಯುತ್ತಾರೆ.

ನನಗಿಂತ ಮೊದಲು ಈ ಕುರ್ಚಿ ಸವೆಸಿದ ಚನ್ನವೀರಯ್ಯನವರು
ರಿಟೈರಾದ ದಿನ ಬೀಗದ ಕೈ ಕೊಡುತ್ತ ಹೇಳಿದ್ದರು:
ಕಟ್ಟಕಡೀಗೆ ಇತರೆ ಅಂತ ಒಂದು ಕಲಂ ಇರ್ತೈತಿ ತಂಗಿ,
ಅಲ್ಲಿ ದುಂಡು ಅಂಕಿ ಬರೀಬ್ಯಾಡ.
ಎರಡು ಸಾವಿರ ಅಂದ್ರೆ ಕಳ್ಳತನ.
ಎರಡು ಸಾವಿರದ ಏಳು ಅಂದ್ರೆ ಖರ್ಚು.

ಸಿಹಿ ಪೊಟ್ಟಣ ನಲವತ್ತೊಂದು, ಹಾಜರಿ ಪುಸ್ತಕದಲ್ಲಿ ಇದ್ದಷ್ಟು.
ಹಮಾಲರು ಹನ್ನೆರಡು ಜನ ಗುತ್ತಿಗೆದಾರನ ಪುಸ್ತಕದವರು.
ಪ್ರತಿ ವರ್ಷ ಸಿಹಿ ಹಂಚುವ ಹೊತ್ತಿಗೆ ಸರಿಯಾಗಿ
ಫಕ್ರುಸಾಬನಿಗೆ ಲಾರಿಯ ಹಗ್ಗ ನೆನಪಾಗುತ್ತದೆ,
ಹನ್ನೆರಡೂ ಜನ ಹೋಗಿ
ಬಿಗಿದ ಹಗ್ಗವನ್ನೇ ಮತ್ತೆ ಬಿಗಿಯುತ್ತಾರೆ.

ಹದಿಮೂರನೆಯವಳು ಹಾಲವ್ವ.
ಮೂರನೇ ನಂಬರಿನ ಮಗ್ಗ ಅವಳ ಬಲಗೈಯ ಎರಡು ಬೆರಳು ತಿಂದ ಮೇಲೆ
ಪುಸ್ತಕದಿಂದ ಅವಳ ಹೆಸರು ಹೋಯಿತು, ಕಸಬರಿಗೆ ಬಂತು.
ಮಗ್ಗವೂ ಅಂದಿನಿಂದ ನಿಂತೇ ಇದೆ.
ಆದರೆ ಅದು ಆಸ್ತಿ, ಅದರ ಹೆಸರು ಹೋಗುವುದಿಲ್ಲ;
ಹೋದ ವರ್ಷದ ಹಾಳೆಯಲ್ಲಿ ನನ್ನದೇ ಅಕ್ಷರ:
ಮಗ್ಗ ಮೂರು, ಹಾರ, ಕುಂಬಳ, ಇನ್ನೂರ ನಲವತ್ತು.

ಪೆನ್ನಿನ ಮುಚ್ಚಳ ಕಚ್ಚಿಕೊಂಡು ಬಹಳ ಹೊತ್ತು ಕೂತೆ.
ಮೈಕ್ ಸೆಟ್ಟು ಹೊಡೆದು ಹಾಕಿದೆ, ಸಾವಿರದ ಐನೂರು.
ನಲವತ್ತೊಂದು ಜನಕ್ಕೆ ಮಂತ್ರ ಕೇಳಲು ಮೈಕ್ ಯಾಕೆ?
ಸೌಕಾರ್ರ ಭಾವಮೈದುನನ ಶಾಲು, ಆರುನೂರು.
ಕೈ ಸ್ವಲ್ಪ ನಡುಗಿತು, ಸುಳ್ಳು ಹೇಳಲಾರೆ.
ಆಮೇಲೆ ಮಗ್ಗ ಮೂರು.
ಪೊಟ್ಟಣಕ್ಕೆ ನೂರ ಎಂಬತ್ತರಂತೆ ಹದಿಮೂರು, ಸರಿಹೋಯಿತು.
ಏಳು ರೂಪಾಯಿ ಸೇರಿಸಿ
ಇತರೆ: ಎರಡು ಸಾವಿರದ ಮುನ್ನೂರ ನಲವತ್ತೇಳು.

ಹಬ್ಬದ ದಿನ ಸೌಕಾರ್ರು ಕೈಯಾರೆ ಹಂಚಿದರು.
ನಲವತ್ತೊಂದು ಮುಗಿದರೂ ಟೇಬಲ್ಲಿನ ಮೇಲೆ ಪೊಟ್ಟಣ ಉಳಿದವು.
ನಾನು ಗೇಟಿನ ಕಡೆ ನೋಡಿ ಕೂಗಿದೆ, ಫಕ್ರಣ್ಣಾ, ಹಗ್ಗ ಬಿಟ್ಟು ಬರ್ರಿ.
ಯಾರೂ ಅಲುಗಲಿಲ್ಲ. ಮತ್ತೊಮ್ಮೆ ಕೂಗಿದೆ.
ಅಂಗಿಗೆ ಕೈ ಒರೆಸಿಕೊಳ್ಳುತ್ತ ಒಬ್ಬರ ಹಿಂದೊಬ್ಬರು ಬಂದರು.

ಸಂಜೆ ಸೌಕಾರ್ರು ಹಾಳೆ ನೋಡಿ ಕನ್ನಡಕ ಏರಿಸಿದರು.
ಏನಿದು ಇತರೆ?
ನಿಂಬೆಹಣ್ಣು, ಅಂದೆ.
ಎರಡು ಸಾವಿರದ ನಿಂಬೆಹಣ್ಣಾ?
ಗಾಲಿ ಭಾಳ ಅದಾವಲ್ರೀ ನಮ್ಮವು.
ಅವರು ನನ್ನನ್ನು ನೋಡಿದರು, ಏಳನ್ನು ನೋಡಿದರು,
ಸಹಿ ಮಾಡಿದರು.

ಬೀಗ ಹಾಕಲು ಹೋದಾಗ ಒಳಗೆ ಹಾಲವ್ವ.
ಗುಡಿಸಿದ ರಾಶಿಯಿಂದ ಚೆಂಡುಹೂವು ಆರಿಸಿ
ಚೀಲ ಹೊಲಿಯುವ ದಾರಕ್ಕೆ ಪೋಣಿಸುತ್ತಿದ್ದಳು,
ಹೆಬ್ಬೆರಳು ಮತ್ತು ಉಳಿದೆರಡರ ನಡುವೆ ಒಂದೊಂದೇ.
ಎದ್ದು ಹೋಗಿ ಮೂರನೇ ನಂಬರಿಗೆ ಹಾಕಿದಳು.
ಅದಕ್ಕ್ಯಾಕವ್ವ? ಅಂದೆ.
ಇರ್ಲಿ ಬಿಡ್ರಿ, ನನ್ನವೆರಡು ಅದರೊಳಗೇ ಅದಾವು.

ದಾರದ ಉಂಡೆ ನನ್ನ ಕೈಗಿಟ್ಟು ಹೋದಳು, ಪೊಟ್ಟಣ ಸೆರಗಿನಲ್ಲಿ.
ಉಂಡೆಯಲ್ಲಿ ಒಂದು ಮಾರು ಕಡಿಮೆ ಇತ್ತು.